ಅಂಗಡಿಗೆ ಬಾರದ ಕಾಮಿಕ್ಸ್: ಸಣ್ಣ ಪ್ರಕಾಶಕರನ್ನು ಹುಡುಕಿ ಓದುವ ಬಗೆ

ಸಣ್ಣ ಪ್ರಕಾಶಕರ ಕಾಮಿಕ್ಸ್ ಪುಸ್ತಕದಂಗಡಿಯಲ್ಲಿ ಯಾಕೆ ಕಾಣುವುದಿಲ್ಲ ಅನ್ನುವುದು ಗೊತ್ತಾದರೆ ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ. ಲೆಕ್ಕ ಸರಳ. ಮುನ್ನೂರು ಪ್ರತಿ ಅಚ್ಚು ಹಾಕಿಸಿ, ಬೆಲೆ 300 ರೂಪಾಯಿ ಇಟ್ಟಿದ್ದಾರೆ ಅಂದುಕೊಳ್ಳಿ. ಅಷ್ಟು ಕಡಿಮೆ ಸಂಖ್ಯೆಯಲ್ಲಿ ಬಣ್ಣದ ಮುದ್ರಣ ಮಾಡಿಸಿದರೆ ಪ್ರತಿಯೊಂದಕ್ಕೆ 130 ರೂಪಾಯಿ ಬಿತ್ತು ಅನ್ನೋಣ. ವಿತರಕರು, ಅಂಗಡಿಯವರು ಸೇರಿ ಮುಖಬೆಲೆಯ ಅರ್ಧ ತೆಗೆದುಕೊಂಡರೆ ಉಳಿಯುವುದು 20 ರೂಪಾಯಿ. ಸಾಗಣೆ ಖರ್ಚು, ಮಾರಾಟವಾಗದೆ ಮೂಲೆ ಮುದುರಿ ವಾಪಸ್ ಬಂದ ಪ್ರತಿಗಳ ನಷ್ಟ ಎಲ್ಲ ಆ ಇಪ್ಪತ್ತರಲ್ಲೇ ತೂಗಬೇಕು. ಅದು ತೂಗುವುದಿಲ್ಲ. ಹಾಗಾಗಿ ಮಾಡಿದವರೇ ಮೇಳದಲ್ಲಿ ಮೇಜು ಹಾಕಿ ಕೂತು ಮಾರುತ್ತಾರೆ, ಇಲ್ಲವೇ ತಮ್ಮದೇ ಆನ್‌ಲೈನ್ ಪುಟದಲ್ಲಿ ಆರ್ಡರ್ ತೆಗೆದುಕೊಂಡು ಅಂಚೆಗೆ ಹಾಕುತ್ತಾರೆ. ಇಂಥ ಪುಸ್ತಕಕ್ಕೆ ಅಂಗಡಿ ಸುತ್ತಿ ಪ್ರಯೋಜನವಿಲ್ಲ, ಹೆಸರು ಹಿಡಿದು ಹೋಗಬೇಕು: ಬರೆದವರ ಹೆಸರು, ಚಿತ್ರ ಬಿಡಿಸಿದವರ ಹೆಸರು, ಅಚ್ಚು ಹಾಕಿದವರ ಹೆಸರು.

ಕೈಯಲ್ಲಿರುವ ಪುಸ್ತಕದಿಂದಲೇ ಶುರು

ನಿಮಗೆ ಈಗಾಗಲೇ ಹಿಡಿಸಿದ ಒಂದು ಗ್ರಾಫಿಕ್ ಕಾದಂಬರಿ ತೆಗೆದುಕೊಂಡು ಮುದ್ರಣ ವಿವರದ ಪುಟ ತೆರೆಯಿರಿ. ಕನ್ನಡ ಪುಸ್ತಕಗಳಲ್ಲಿ ‘ಪ್ರತಿಗಳು: 1000, ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್ಲಿಥೋ’ ಎಂದೆಲ್ಲ ಇರುತ್ತದಲ್ಲ, ಆ ಪುಟ. ನಾವು ಅದನ್ನು ದಾಟಿ ಹೋಗುವುದೇ ಹೆಚ್ಚು. ಕಾಮಿಕ್ಸಿನಲ್ಲಿ ಅಲ್ಲಿ ಮೂರು ಸಂಗತಿ ನೋಡಿಕೊಳ್ಳಿ.

ಒಂದು, ಪ್ರಕಾಶಕರು ಯಾರು, ಅದು ಸ್ವತಂತ್ರ ಸಂಸ್ಥೆಯೋ ದೊಡ್ಡ ಸಂಸ್ಥೆ ಬೇರೆ ಹೆಸರಿನಲ್ಲಿ ನಡೆಸುವ ವಿಭಾಗವೋ ಅನ್ನುವುದು. ಎರಡು, ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಸಂಖ್ಯೆ. ಹದಿಮೂರು ಅಂಕಿಯ ಆ ಸಂಖ್ಯೆಯಲ್ಲಿ ನಡುವಿನ ಒಂದು ತುಂಡು ಪ್ರಕಾಶಕರದು. ಉದಾಹರಣೆಗೆ 978-1-77046 ಎಂದು ಶುರುವಾದರೆ ಅದು ಕೆನಡಾದ ಮಾಂಟ್ರಿಯಲ್‌ನ ಡ್ರಾನ್ ಅಂಡ್ ಕ್ವಾರ್ಟರ್ಲಿಯ ಪುಸ್ತಕ. ಅಷ್ಟು ಅಂಕಿಯನ್ನು ಗ್ರಂಥಾಲಯದ ಕ್ಯಾಟಲಾಗಿನಲ್ಲೋ ಪುಸ್ತಕ ಹುಡುಕುವ ತಾಣದಲ್ಲೋ ಹಾಕಿದರೆ ಹಲವು ಕಡೆ ಅದೇ ಪ್ರಕಾಶಕರ ಉಳಿದ ಪುಸ್ತಕಗಳೂ ಬರುತ್ತವೆ. ಇದರ ಮಿತಿಯೂ ಗೊತ್ತಿರಲಿ. ತೀರಾ ಸಣ್ಣವರು, ಅಂದರೆ ಮನೆಯಲ್ಲೇ ಪಿನ್ ಹೊಡೆದು ಝೀನ್ ಎಂಬ ಪುಟ್ಟ ಪುಸ್ತಿಕೆ ಮಾಡುವವರು, ಐಎಸ್‌ಬಿಎನ್ ತೆಗೆದುಕೊಂಡಿರುವುದೇ ಇಲ್ಲ. ಅಂಥವು ಅಮೆಜಾನಿನಲ್ಲೂ ಬಾರವು, ಗ್ರಂಥಾಲಯದಲ್ಲೂ ಬಾರವು.

ಮೂರನೆಯದೇ ಎಲ್ಲಕ್ಕಿಂತ ಉಪಯೋಗದ್ದು: ಕೃತಜ್ಞತೆಯ ಸಾಲುಗಳು. ಕಾಮಿಕ್ಸ್ ಮಾಡುವವರು ನೆನೆಯುವುದು ಬಹುಪಾಲು ಇತರ ಕಾಮಿಕ್ಸ್ ಮಾಡುವವರನ್ನೇ. ಅದರಲ್ಲಿ ನಿಮಗೆ ಗೊತ್ತಿಲ್ಲದ ನಾಲ್ಕು ಹೆಸರು ಬರೆದುಕೊಳ್ಳಿ, ಒಂದೊಂದನ್ನೂ ಹುಡುಕಿ. ಅಂಗಡಿ ತಾಣಗಳ ‘ಇದನ್ನು ಕೊಂಡವರು ಇದನ್ನೂ ಕೊಂಡರು’ ಪಟ್ಟಿ ಈ ಕೆಲಸಕ್ಕೆ ಬರುವುದಿಲ್ಲ. ಐವತ್ತು ಪ್ರತಿ ಮಾರಾಟವಾದ ಪುಸ್ತಕ ಆ ಲೆಕ್ಕದೊಳಗೆ ಬರುವುದೇ ಇಲ್ಲ.

ಒಂದೇ ಪುಸ್ತಕಕ್ಕೆ ಹತ್ತಿಪ್ಪತ್ತು ಹೆಸರು

ಹೊಸಬರು ಮೊದಲು ಕೊಳ್ಳಬೇಕಾದದ್ದು ಸಂಕಲನ. ಒಬ್ಬರ 200 ಪುಟದ ಪುಸ್ತಕಕ್ಕೆ ಕೊಡುವ ದುಡ್ಡಿಗೆ ಹತ್ತಿಪ್ಪತ್ತು ಜನರ ಕೈಚಳಕ ಒಟ್ಟಿಗೆ ಸಿಗುತ್ತದೆ. ನಮ್ಮ ದೇಶದ್ದೇ ಬೇಕೆಂದರೆ ಮೂರು ಒಳ್ಳೆಯ ಬಾಗಿಲುಗಳಿವೆ. ಚೆನ್ನೈನ ಬ್ಲಾಫ್ಟ್ 2012ರಲ್ಲಿ ತಂದ ‘ದಿ ಒಬ್ಲಿಟರರಿ ಜರ್ನಲ್’, ದೇಶ ವಿಭಜನೆಯ ಮೇಲೆ ವಿಶ್ವಜ್ಯೋತಿ ಘೋಷ್ ಒಟ್ಟುಗೂಡಿಸಿ ಯೋಡಾ ಪ್ರೆಸ್ 2013ರಲ್ಲಿ ತಂದ ‘ದಿಸ್ ಸೈಡ್ ದಟ್ ಸೈಡ್’, ಜುಬಾನ್ 2015ರಲ್ಲಿ ತಂದ ಮಹಿಳಾ ಕಲಾವಿದರ ‘ಡ್ರಾಯಿಂಗ್ ದ ಲೈನ್’. ಈ ಮೂರರಲ್ಲಿ ಒಂದನ್ನು ಓದಿ, ಇಷ್ಟವಾದ ಮೂರು ಕಥೆಗೆ ಗುರುತು ಹಾಕಿ, ಆ ಮೂವರು ಆಮೇಲೆ ಏನು ಮಾಡಿದ್ದಾರೆ ಎಂದು ನೋಡಿ. ಕೆಲವರು ದೊಡ್ಡ ಪ್ರಕಾಶಕರ ಹತ್ತಿರ ಹೋಗಿರುತ್ತಾರೆ, ಕೆಲವರು ಇನ್‌ಸ್ಟಾಗ್ರಾಮಿನಲ್ಲಷ್ಟೇ ಉಳಿದಿರುತ್ತಾರೆ, ಒಬ್ಬಿಬ್ಬರು ತಮ್ಮದೇ ಸಣ್ಣ ಪ್ರಕಾಶನ ಕಟ್ಟಿಕೊಂಡಿರುತ್ತಾರೆ. ನಿಮಗೆ ಬೇಕಾದವರು ಆ ಒಬ್ಬಿಬ್ಬರು.

ಹೊರದೇಶದ್ದಾದರೆ ಲಾಟ್ವಿಯಾದ ರೀಗಾ ನಗರದಿಂದ 2007ರಿಂದ ಬರುತ್ತಿರುವ ‘ಕುಶ್’ ನೋಡಿ. ಅವರ ‘ಮಿನಿ ಕುಶ್’ ಸರಣಿಯ ಒಂದೊಂದು ಪುಸ್ತಕವೂ ಎ6 ಅಳತೆಯದು, ಅಂದರೆ ಪೋಸ್ಟ್‌ಕಾರ್ಡಿನಷ್ಟು. ಪುಟ ಮೂವತ್ತು ದಾಟುವುದಿಲ್ಲ, ಪೂರ್ತಿ ಬಣ್ಣ, ಒಂದು ಪುಸ್ತಕಕ್ಕೆ ಒಬ್ಬರೇ ಕಲಾವಿದರು, ಭಾಷೆ ಇಂಗ್ಲಿಷ್. ಹಗುರವಾದ್ದರಿಂದ ಅಂಚೆ ಖರ್ಚೂ ಹೊರೆಯಲ್ಲ.

ಪ್ರಶಸ್ತಿಗಿಂತ ಪ್ರಶಸ್ತಿಯ ಪಟ್ಟಿ

ಗೆದ್ದ ಪುಸ್ತಕ ಹೇಗೂ ನಿಮ್ಮ ಕಿವಿಗೆ ಬೀಳುತ್ತದೆ. ನೋಡಬೇಕಾದದ್ದು ಅಂತಿಮ ಸುತ್ತಿಗೆ ಬಂದು ಗೆಲ್ಲದವುಗಳನ್ನು. ಅಮೆರಿಕದ ಮೇರಿಲ್ಯಾಂಡಿನಲ್ಲಿ 1994ರಿಂದ ನಡೆಯುತ್ತಿರುವ ಸ್ಮಾಲ್ ಪ್ರೆಸ್ ಎಕ್ಸ್‌ಪೋ 1997ರಿಂದ ಇಗ್ನಾಟ್ಸ್ ಪ್ರಶಸ್ತಿ ಕೊಡುತ್ತಿದೆ. ಐವರು ಕಾಮಿಕ್ಸ್ ಕಲಾವಿದರ ಸಮಿತಿ ಪಟ್ಟಿ ಮಾಡುತ್ತದೆ, ಮೇಳಕ್ಕೆ ಬಂದವರು ಮತ ಹಾಕುತ್ತಾರೆ, ಗೆದ್ದವರ ಕೈಗೆ ಒಂದು ಇಟ್ಟಿಗೆ ಕೊಡುತ್ತಾರೆ. ನಿಜವಾದ ಇಟ್ಟಿಗೆಯೇ! ಅದರ ‘ಮಿನಿಕಾಮಿಕ್’, ಅಂದರೆ ಕೆಲವೇ ಪುಟದ ಪುಟ್ಟ ಕಾಮಿಕ್ಸಿನ ವಿಭಾಗದ ಹಿಂದಿನ ಐದು ವರ್ಷದ ಪಟ್ಟಿ ತೆಗೆದರೆ ಸುಮಾರು ಇಪ್ಪತ್ತೈದು ಹೆಸರು ಸಿಗುತ್ತವೆ. ಫ್ರಾನ್ಸಿನ ಅಂಗುಲೇಮ್ ಉತ್ಸವದಲ್ಲೂ ಪರ್ಯಾಯ ಕಾಮಿಕ್ಸಿಗೆಂದೇ ಪ್ರತ್ಯೇಕ ಬಹುಮಾನವಿದೆ. ಅಲ್ಲಿ ಬೇರೆ ಬೇರೆ ದೇಶದ ಝೀನುಗಳು ಸ್ಪರ್ಧೆಗೆ ಬರುತ್ತವೆ.

ಮೇಳಗಳ ಇನ್ನೊಂದು ಉಪಯೋಗಕ್ಕೆ ವಿಮಾನ ಹತ್ತಬೇಕಾಗಿಲ್ಲ. ಸ್ಮಾಲ್ ಪ್ರೆಸ್ ಎಕ್ಸ್‌ಪೋ, ಟೊರಾಂಟೊದ ಟಿಕಾಫ್, ಇಂಗ್ಲೆಂಡಿನ ಥಾಟ್ ಬಬಲ್ ಎಲ್ಲವೂ ಮೇಜು ಹಾಕುವವರ ಪಟ್ಟಿಯನ್ನು ಕೊಂಡಿಗಳ ಸಮೇತ ಪ್ರಕಟಿಸುತ್ತವೆ. ನೂರಾರು ಹೆಸರಿನ ಬಿಟ್ಟಿ ಕ್ಯಾಟಲಾಗ್ ಅದು. ಒಂದೇ ಸಲಕ್ಕೆ ಕೂತು ಮುಗಿಸಲು ಹೋದರೆ ತಲೆ ಕೆಡುತ್ತದೆ. ದಿನಕ್ಕೆ ಇಪ್ಪತ್ತು ಕೊಂಡಿ, ಒಂದೊಂದಕ್ಕೆ ಎರಡು ನಿಮಿಷ, ಹಿಡಿಸಿದ್ದನ್ನು ಒಂದು ಹಾಳೆಗೆ ಇಳಿಸುವುದು: ಹೆಸರು, ಪುಸ್ತಕ, ಬೆಲೆ, ಭಾರತಕ್ಕೆ ಕಳಿಸುತ್ತಾರೋ ಇಲ್ಲವೋ. ಕೊನೆಯ ಕಾಲಂ ತುಂಬದಿದ್ದರೆ ಆಮೇಲೆ ಮತ್ತೆ ಮೊದಲಿಂದ ಎಲ್ಲ ತೆರೆದು ನೋಡಬೇಕಾಗುತ್ತದೆ.

ಬ್ರಿಟನ್ನಿನ ಶಾರ್ಟ್‌ಬಾಕ್ಸ್ 2021ರಲ್ಲಿ ಶುರು ಮಾಡಿದ ಕಾಮಿಕ್ಸ್ ಮೇಳ ಪೂರ್ತಿ ಆನ್‌ಲೈನಿನದು. ಅಕ್ಟೋಬರ್ ತಿಂಗಳಲ್ಲಷ್ಟೇ ಬಾಗಿಲು ತೆರೆದು, ಆ ಮೇಳಕ್ಕೆಂದೇ ಮಾಡಿದ ಡಿಜಿಟಲ್ ಕಾಮಿಕ್ಸ್ ಮಾರಿ, ತಿಂಗಳ ಕೊನೆಗೆ ಮುಚ್ಚುವುದು ಅದರ ರೀತಿ. ಆಮೇಲೆ ಆ ಕಥೆಗಳು ಬೇಕಾದರೆ ಒಬ್ಬೊಬ್ಬ ಕಲಾವಿದರ ಪುಟವನ್ನೂ ತಡಕಬೇಕು.

ಬೆಂಗಳೂರಿನ ಮೇಳದಲ್ಲಿ

ಬೆಂಗಳೂರಿಗೆ ಕಾಮಿಕ್ ಕಾನ್ ಎಂಬ ದೊಡ್ಡ ಮೇಳ ಬಂದದ್ದು 2012ರಲ್ಲಿ. ಈಚಿನ ವರ್ಷಗಳಲ್ಲಿ ವೈಟ್‌ಫೀಲ್ಡಿನ ಕೆಟಿಪಿಒ ಸಭಾಂಗಣದಲ್ಲಿ ನಡೆಯುತ್ತಿದೆ. ಒಳಗೆ ಹೋದ ಕೂಡಲೇ ಕಣ್ಣಿಗೆ ಬೀಳುವುದು ಗೇಮಿಂಗ್, ಟೀ ಶರ್ಟು, ಸಿನಿಮಾ ಕಂಪನಿಗಳ ದೊಡ್ಡ ಸ್ಟಾಲು. ನೀವು ಹುಡುಕಬೇಕಾದದ್ದು ಕಲಾವಿದರಿಗೆಂದು ಬಿಟ್ಟ ಸಣ್ಣ ಮೇಜುಗಳ ಸಾಲು. ಇದಲ್ಲದೆ ಇಂಡೀ ಕಾಮಿಕ್ಸ್ ಫೆಸ್ಟ್ ಎಂಬ ಸಣ್ಣ ಮೇಳ ಬೇರೆ ಬೇರೆ ಊರುಗಳಲ್ಲಿ ನಡೆಯುತ್ತದೆ. ಅದು ಸ್ವಂತ ಖರ್ಚಿನಲ್ಲಿ ಕಾಮಿಕ್ಸ್ ತರುವವರಿಗೆಂದೇ ಇರುವುದರಿಂದ ನಮ್ಮ ಕೆಲಸಕ್ಕೆ ಕಾಮಿಕ್ ಕಾನ್‌ಗಿಂತ ಮೇಲು.

ಮೊದಲ ದಿನ ಬೆಳಿಗ್ಗೆ, ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ಹೋಗಿ. ಐವತ್ತು ಪ್ರತಿ ತಂದವರ ಮೇಜು ಎರಡನೇ ದಿನ ಸಂಜೆಗೆ ಖಾಲಿಯಾಗಿರಬಹುದು. ಹತ್ತು, ಐವತ್ತು, ನೂರರ ನೋಟು ಜೇಬಿನಲ್ಲಿರಲಿ. ಸಾವಿರಾರು ಜನ ಸೇರಿದ ಸಭಾಂಗಣದಲ್ಲಿ ಮೊಬೈಲ್ ಸಿಗ್ನಲ್ ಸತ್ತು ಯುಪಿಐ ಗಿರಗಿರ ತಿರುಗುತ್ತಾ ನಿಲ್ಲುವುದು ಮಾಮೂಲು. ಎ4 ಅಳತೆಯ ಗಟ್ಟಿ ರಟ್ಟು ಎರಡು ಚೀಲದಲ್ಲಿ ಇಟ್ಟುಕೊಳ್ಳಿ, ಪುಸ್ತಕವನ್ನು ಅವುಗಳ ನಡುವೆ ಸೇರಿಸಿದರೆ ಮೆಟ್ರೊ ನೂಕುನುಗ್ಗಲಿನಲ್ಲಿ ಮೂಲೆ ಮಡಚುವುದಿಲ್ಲ.

ಮೇಜುಗಳ ಮೇಲೆ ಎದ್ದು ಕಾಣುವುದು ಪೋಸ್ಟರು, ಸ್ಟಿಕರು, ಕೀಚೈನು. ಹೊಟ್ಟೆಪಾಡಿಗೆ ಅವು ಬೇಕು, ತಪ್ಪಲ್ಲ. ಪುಸ್ತಕ ಎಷ್ಟೋ ಸಲ ಹಿಂದಿನ ಸಾಲಿನಲ್ಲಿ ಅಥವಾ ಮೇಜಿನ ಕೆಳಗಿನ ಡಬ್ಬದಲ್ಲಿ ಇರುತ್ತದೆ. ‘ಕಥೆ ಇರೋ ಪುಸ್ತಕ ಮಾಡಿದ್ದೀರಾ?’ ಎಂದು ಬಾಯಿಬಿಟ್ಟು ಕೇಳಿ. ಕೊಂಡಮೇಲೆ ಇನ್ನೊಂದು ಪ್ರಶ್ನೆ: ‘ಇಲ್ಲಿ ಬೇರೆ ಯಾರದನ್ನ ನೀವು ಓದ್ತೀರಿ?’ ಇಡೀ ಮೇಳದಲ್ಲಿ ಇದಕ್ಕಿಂತ ಲಾಭದ ಮಾತಿಲ್ಲ. ಪಕ್ಕದ ಮೇಜಿನವರನ್ನೇ ತೋರಿಸಬಹುದು, ಬೇರೆ ಊರಿನ ಯಾರದೋ ಹೆಸರು ಹೇಳಬಹುದು. ಕೊಳ್ಳಲಾಗದಿದ್ದರೆ ಮೇಜಿನ ಹೆಸರುಫಲಕದ ಫೋಟೊ ತೆಗೆದುಕೊಳ್ಳಿ. ಪುಸ್ತಕದ ಒಳಪುಟದ ಫೋಟೊ ಬೇಡ, ಕೇಳದೆ ಹಾಗೆ ಮಾಡುವುದು ಅಲ್ಲಿ ಯಾರಿಗೂ ಹಿಡಿಸುವುದಿಲ್ಲ.

ಮೇಳವಿಲ್ಲದ ದಿನಗಳಿಗೆ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ಗಳ ಹಳೆ ಪುಸ್ತಕದ ಕಪಾಟುಗಳಿವೆ. ದುಡ್ಡು ಕೊಡದೆ ಓದಬೇಕೆಂದರೆ ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್, ಇಂದಿರಾನಗರದ ಗೋಯಥೆ ಇನ್‌ಸ್ಟಿಟ್ಯೂಟ್ ಗ್ರಂಥಾಲಯಗಳಲ್ಲಿ ಫ್ರೆಂಚ್, ಜರ್ಮನ್ ಕಾಮಿಕ್ಸ್ ಇವೆ. ಭಾಷೆ ಬಾರದಿದ್ದರೂ ಚಿತ್ರ ನೋಡಿ ಕಲಾವಿದರ ಹೆಸರು ಬರೆದುಕೊಂಡು, ಆಮೇಲೆ ಅನುವಾದ ಹುಡುಕಬಹುದು.

ಹಳೆಯದಾಗಿ ಹೋದ ಸಲಹೆಗಳು

ಇಂಗ್ಲಿಷಿನ ಹಳೆಯ ಮಾರ್ಗದರ್ಶಿಗಳಲ್ಲಿ ಎರಡು ಸಲಹೆ ಮತ್ತೆ ಮತ್ತೆ ಬರುತ್ತವೆ, ಎರಡೂ ಈಗ ನಡೆಯುವುದಿಲ್ಲ. ‘ಪ್ರಿವ್ಯೂಸ್ ಕ್ಯಾಟಲಾಗಿನಿಂದ ಕೋಡ್ ತೆಗೆದು ಅಂಗಡಿಗೆ ಕೊಡಿ’ ಎನ್ನುವುದು ಒಂದು. ಆ ಕ್ಯಾಟಲಾಗ್ ನಡೆಸುತ್ತಿದ್ದ ವಿತರಣಾ ಸಂಸ್ಥೆ ಡೈಮಂಡ್ 2025ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಮಾರಿ ಕೊಡಲೆಂದು ಸಣ್ಣ ಪ್ರಕಾಶಕರು ಅದರ ಗೋದಾಮಿನಲ್ಲಿಟ್ಟಿದ್ದ ಪ್ರತಿಗಳು ಸಾಲ ಕೊಟ್ಟವರ ಜಗಳದಲ್ಲಿ ಸಿಕ್ಕಿಕೊಂಡವು. ಆದ್ದರಿಂದ ಅಮೆರಿಕದ ಸಣ್ಣ ಪ್ರಕಾಶಕರ ಪುಸ್ತಕ ಬೇಕೆಂದರೆ ಅವರಿಂದಲೇ ನೇರ ಕೊಳ್ಳುವುದು ಈಗ ಇನ್ನೂ ಹೆಚ್ಚು ಅರ್ಥವುಳ್ಳದ್ದು. ಎರಡನೆಯದು ಕಾಮಿಕ್ಸಾಲಜಿ ಎಂಬ ಡಿಜಿಟಲ್ ಕಾಮಿಕ್ಸ್ ಅಂಗಡಿ. ಅದು 2022ರಲ್ಲಿ ಅಮೆಜಾನಿನೊಳಗೆ ಸೇರಿಹೋಯಿತು, ಬಿಡಿಯಾಗಿ ಸಣ್ಣವರನ್ನು ಹುಡುಕುವ ಅನುಕೂಲ ಅಲ್ಲಿಗೆ ಮುಗಿಯಿತು.

ಈಗಿನ ಜಾಗಗಳು ಬೇರೆ. ಇಚ್.ಐಒ ತಾಣದಲ್ಲಿ ಆಟಗಳ ಜೊತೆ ಕಾಮಿಕ್ಸಿಗೂ ವಿಭಾಗವಿದೆ, ಗಮ್‌ರೋಡ್‌ನಲ್ಲಿ ಬಿಡಿ ಪಿಡಿಎಫ್ ಸಿಗುತ್ತವೆ, ಬಿಗ್ ಕಾರ್ಟೆಲ್‌ನಲ್ಲಿ ಕಲಾವಿದರ ಸ್ವಂತ ಅಂಗಡಿಗಳಿವೆ. ‘ಕಾಮಿಕ್’ ಎಂದಷ್ಟೇ ಹಾಕಿ ಹುಡುಕಿದರೆ ಸೂಪರ್‌ಹೀರೋಗಳ ಪ್ರವಾಹ. ‘ಮಿನಿಕಾಮಿಕ್’, ‘ಝೀನ್’, ‘ರಿಸೊಗ್ರಾಫ್’ (ಒಂದೊಂದೇ ಬಣ್ಣ ಹಾಕುವ ಮುದ್ರಣ) ಎಂಬ ಪದಗಳನ್ನು ಸೇರಿಸಿದರೆ ತಿಳಿ ನೀರು ಸಿಗುತ್ತದೆ. ಡಿಜಿಟಲ್ ಪ್ರತಿಯನ್ನು ಕೊಂಡ ದಿನವೇ ಇಳಿಸಿಕೊಂಡು ಬೇರೆ ಡ್ರೈವಿನಲ್ಲಿ ಇನ್ನೊಂದು ನಕಲು ಇಡಿ. ತಾಣ ಮುಚ್ಚಿದರೆ ನಿಮ್ಮ ‘ಲೈಬ್ರರಿ’ಯೂ ಹೋಗುತ್ತದೆ. ಇನ್‌ಸ್ಟಾಗ್ರಾಮಿನಲ್ಲಿ ಹಿಂಬಾಲಿಸಿದರೆ ಸಾಕು ಅನ್ನಿಸಬಹುದು, ಸಾಲದು. ನೀವು ಹಿಂಬಾಲಿಸಿದವರ ಎಲ್ಲ ಪೋಸ್ಟನ್ನೂ ಅದು ತೋರಿಸುವುದಿಲ್ಲ. ಇನ್ನೂರು ಪ್ರತಿಯ ಪುಸ್ತಕದ ಸುದ್ದಿ ನಾಲ್ಕು ದಿನ ತಡವಾಗಿ ಕಂಡರೆ ಪುಸ್ತಕ ಮುಗಿದಿರುತ್ತದೆ. ಪ್ರಕಾಶಕರ ಇಮೇಲ್ ಸುದ್ದಿಪತ್ರಕ್ಕೆ ಹೆಸರು ಕೊಡಿ.

ಪುಸ್ತಕ ಮಾಡಲು ಓದುಗರಿಂದ ಮುಂಗಡ ಹಣ ಸೇರಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ದುಡ್ಡು ಹಾಕುವ ಮುನ್ನ ಆ ಕಲಾವಿದರು ಈ ಹಿಂದೆ ಎಷ್ಟು ಪುಸ್ತಕ ಪೂರೈಸಿದ್ದಾರೆ ಎಂದು ನೋಡಿ, ಹಳೆಯ ಯೋಜನೆಯ ಕಾಮೆಂಟುಗಳಲ್ಲಿ ‘ನನ್ನ ಪ್ರತಿ ಎಲ್ಲಿ’ ಎಂದು ಕೇಳುವವರಿದ್ದಾರೆಯೇ ಎಂದೂ ನೋಡಿ. ತಲುಪುವ ತಿಂಗಳು ಎಂದು ಕೊಟ್ಟಿರುವುದಕ್ಕೆ ಆರು ತಿಂಗಳು ಸೇರಿಸಿಕೊಳ್ಳಿ. ಮೊದಲ ಪುಸ್ತಕದವರಾದರೆ ಪಿಡಿಎಫ್ ಮಾತ್ರ ಸಿಗುವ ಹಂತಕ್ಕೆ ದುಡ್ಡು ಹಾಕುವುದು ಜಾಣತನ. ಸಾಗಣೆ ಶುಲ್ಕವನ್ನು ಹಲವರು ನಂತರ ಪ್ರತ್ಯೇಕ ವಸೂಲಿ ಮಾಡುತ್ತಾರೆ, ಆಗ ಪುಸ್ತಕಕ್ಕಿಂತ ಅದೇ ಹೆಚ್ಚಾಗಿ ಕಣ್ಣು ಕೆಂಪಾಗುವುದು ಬೇಡ.

ದುಡ್ಡು, ಸುಂಕ, ಅಂಚೆ

ವಿದೇಶಿ ಆರ್ಡರ್ ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದಾಗಿ ಹೊಸ ಕಾರ್ಡುಗಳಲ್ಲಿ ಆನ್‌ಲೈನ್ ಮತ್ತು ವಿದೇಶಿ ವಹಿವಾಟು ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ತೆರೆದು, ಮಿತಿಯನ್ನು ನಿಮಗೆ ಬೇಕಾದಷ್ಟಕ್ಕೆ ಇಟ್ಟು, ಕೊಂಡಮೇಲೆ ಮತ್ತೆ ಮುಚ್ಚಿ. ಕಲಾವಿದರಿಗೆ ನೇರ ಹಣ ಕಟ್ಟುವ ಪೇಟ್ರಿಯಾನ್‌ನಂಥ ತಾಣದ ತಿಂಗಳ ಚಂದಾ ಒಂದು ತಿಂಗಳು ಹೋಗಿ ಮುಂದಿನ ತಿಂಗಳು ತಡೆದು ನಿಂತರೆ ಅದಕ್ಕೂ ಕಾರಣವಿದೆ: 2021ರ ಅಕ್ಟೋಬರ್ 1ರಿಂದ, ಮೊದಲೇ ನೋಂದಣಿ ಮಾಡದ ಸ್ವಯಂಚಾಲಿತ ಕಡಿತವನ್ನು ಬ್ಯಾಂಕು ಒಪ್ಪುವಂತಿಲ್ಲ. ಬಿಡಿ ಸಂಚಿಕೆ ಕೊಳ್ಳುವುದು ಅಥವಾ ವರ್ಷದ ಚಂದಾ ಒಮ್ಮೆಗೇ ಕಟ್ಟುವುದು ಸುಲಭದ ದಾರಿ. ಕಾರ್ಡಿನ ವಿದೇಶಿ ವಿನಿಮಯ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮುದ್ರಿತ ಪುಸ್ತಕಕ್ಕೆ 2019ರ ಬಜೆಟ್ಟಿನಲ್ಲಿ ಶೇ 5 ಆಮದು ಸುಂಕ ಬಂತು. ಪುಸ್ತಕದ ಜೊತೆ ಲೋಹದ ಬ್ಯಾಡ್ಜು, ಟೀ ಶರ್ಟು ಸೇರಿದ ‘ಡೀಲಕ್ಸ್’ ಪೊಟ್ಟಣ ತರಿಸಿದರೆ ಆ ವಸ್ತುಗಳ ಲೆಕ್ಕ ಬೇರೆ, ಕೊರಿಯರ್ ಕಂಪನಿ ತನ್ನ ಶುಲ್ಕವನ್ನೂ ಸೇರಿಸುತ್ತದೆ. ಪುಸ್ತಕ ಮಾತ್ರ ತರಿಸಿ. ಹೊರಗಿನ ಚೀಟಿಯಲ್ಲಿ ‘ಮುದ್ರಿತ ಪುಸ್ತಕ’ ಎಂದು ಬರೆಯಲು ಕಳಿಸುವವರಿಗೆ ಮೊದಲೇ ಹೇಳಿ. ಕೊರಿಯರಿನವರು ಗುರುತಿನ ದಾಖಲೆ ಕೇಳಿ ಕಳಿಸುವ ಸಂದೇಶವನ್ನು ಮೋಸದ್ದೆಂದು ಬಿಟ್ಟು ಪೊಟ್ಟಣ ವಾಪಸ್ ಹೋಗುವುದುಂಟು. ಸಂದೇಶದ ಕೊಂಡಿ ಒತ್ತದೆ, ಕಂಪನಿಯ ತಾಣಕ್ಕೇ ಹೋಗಿ ಟ್ರ್ಯಾಕಿಂಗ್ ಸಂಖ್ಯೆ ಹಾಕಿ ಖಚಿತ ಮಾಡಿಕೊಳ್ಳಿ. ನಾಲ್ಕು ಜನ ಸೇರಿ ಒಂದೇ ವಿಳಾಸಕ್ಕೆ ಆರ್ಡರ್ ಮಾಡಿದರೆ ಸಾಗಣೆ ತಲೆಗೆ ಹಂಚಿಹೋಗುತ್ತದೆ.

ದೇಶದೊಳಗಿನ ಸಣ್ಣ ಪ್ರಕಾಶಕರ ಬೆನ್ನೆಲುಬಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಎಷ್ಟೋ ಕಡೆ 150 ರೂಪಾಯಿಯ ಝೀನಿಗೆ ಅರ್ಧದಷ್ಟು ಅಂಚೆ ಖರ್ಚು ಕೇಳುವುದು ಇದರಿಂದ. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ: 300 ಗ್ರಾಂವರೆಗೆ 20 ರೂ., 5 ಕಿಲೊಗೆ 100 ರೂ., ತೆರಿಗೆ ಬೇರೆ. ಆದರೆ ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ನಿಯತಕಾಲಿಕವಾಗಿರಬಾರದು, ಜಾಹೀರಾತು ಇರಬಾರದು. ಹೆಸರಿಲ್ಲದ ಜೆರಾಕ್ಸ್ ಝೀನ್ ಅದರಡಿ ಹೋಗುವುದು ಕಷ್ಟ.

ಕೈಗೆ ಬಂದ ಮೇಲೆ

ರಿಸೊಗ್ರಾಫ್ ಮುದ್ರಣದಲ್ಲಿ ಬಣ್ಣಗಳು ಒಂದರ ಮೇಲೊಂದು ಪ್ರತ್ಯೇಕವಾಗಿ ಬೀಳುತ್ತವೆ. ಕೆಂಪು ಗೆರೆಯಿಂದ ನೀಲಿ ಒಂದು ಮಿಲಿಮೀಟರ್ ಆಚೆ ಸರಿದಿದ್ದರೆ ಅದು ದೋಷವಲ್ಲ. ಎಣ್ಣೆ ಬೆರೆತ ಆ ಶಾಯಿ ಪೂರ್ತಿ ಒಣಗುವುದೂ ಇಲ್ಲ. ಗಾಢ ಬಣ್ಣದ ಪುಟದ ಮೇಲೆ ಹೆಬ್ಬೆರಳು ಒತ್ತಿ ನೋಡಿ, ಗುರುತು ಬೆರಳಿಗೆ ಹತ್ತುತ್ತದೆ, ಎದುರು ಪುಟಕ್ಕೂ ಮಸಿ ಹಿಡಿಯುತ್ತದೆ. ಅಂಥ ಪುಸ್ತಕದ ಮೇಲೆ ಭಾರ ಹೇರಬೇಡಿ, ನಿಲ್ಲಿಸಿ ಇಡಿ. ಮಂಗಳೂರು, ಕಾರವಾರದ ಕಡೆಯವರಿಗೆ ಇನ್ನೊಂದು ಶತ್ರು ಪಿನ್ನು. ಮಳೆಗಾಲ ಕಳೆಯುವ ಹೊತ್ತಿಗೆ ಅದು ತುಕ್ಕು ಹಿಡಿದು ನಡುಪುಟದಲ್ಲಿ ಕಂದು ಕಲೆ ಬಿಡುತ್ತದೆ. ಪಾಲಿಪ್ರೊಪಿಲೀನ್ ಕವರಿನಲ್ಲಿ ಹಾಕಿ, ಮುಚ್ಚಳವಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ಪುಟ ಬಿಟ್ಟುಹೋಗಿದ್ದರೆ ಫೋಟೊ ಕಳಿಸಿ ಕೇಳಿ, ಪ್ರತಿ ಉಳಿದಿದ್ದರೆ ಬೇರೆ ಕೊಡುತ್ತಾರೆ.

ಕನ್ನಡದಲ್ಲಿ?

ಕನ್ನಡದಲ್ಲೇ ಬರುವ ಸ್ವತಂತ್ರ ಕಾಮಿಕ್ಸ್ ಬೆರಳೆಣಿಕೆಯಷ್ಟು. ಅಮರ ಚಿತ್ರಕಥೆಯ ಮೊದಲ ಹತ್ತು ಸಂಚಿಕೆಗಳು ಬೆಂಗಳೂರಿನಿಂದ ಕನ್ನಡದಲ್ಲಿ ಹೊರಟಿದ್ದವು ಎಂಬುದನ್ನು ನೆನೆದರೆ ಬೇಸರವೇ ಆಗುತ್ತದೆ. ಆದರೂ ಎರಡು ದಾರಿಯಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತ. ಅವು ಕಾಮಿಕ್ಸ್ ಅಲ್ಲ, ಆದರೆ ಕೊನೆಯ ಪುಟದಲ್ಲಿ ಚಿತ್ರಕಾರರ ಪರಿಚಯವಿರುತ್ತದೆ, ಅವರಲ್ಲಿ ಕೆಲವರು ಬೇರೆಡೆ ಕಾಮಿಕ್ಸೂ ಮಾಡುತ್ತಾರೆ. ಇನ್ನೊಂದು, ಮಾತಿಲ್ಲದ ಕಾಮಿಕ್ಸ್. ಬೆಂಗಳೂರಿನ ಮಂಟಾ ರೇ 2010ರಲ್ಲಿ ತಂದ ‘ಹಶ್’ನಲ್ಲಿ ಒಂದು ಅಕ್ಷರವೂ ಇಲ್ಲ. ಇಂಗ್ಲಿಷ್ ಓದದವರ ಕೈಗೂ ಕೊಡಬಹುದು, ಆದರೆ ಕಥೆ ದೊಡ್ಡವರದು, ಮಕ್ಕಳಿಗಲ್ಲ. ಆ ತಂಡದಲ್ಲಿದ್ದವರ ಹೆಸರು ಹಿಡಿದು ಹೋದರೆ ಕೊಚ್ಚಿಯ ಕೊಕಾಚಿ ಸಿಗುತ್ತದೆ, ಬೆಂಕಿಪೊಟ್ಟಣದೊಳಗೆ ಕೂರುವಷ್ಟು ಪುಟ್ಟ ಕಾಮಿಕ್ಸನ್ನೂ ಅವರು ಮಾಡಿದ್ದಾರೆ.

‘ಪ್ರತಿ ಮುಗಿದಿದೆ’ ಎಂದು ಕಂಡರೆ ಅಲ್ಲಿಗೇ ಬಿಡಬೇಡಿ. ನರ್ಮದಾ ಅಣೆಕಟ್ಟಿನ ಬಗ್ಗೆ ಒರಿಜಿತ್ ಸೆನ್ ಮಾಡಿದ ‘ರಿವರ್ ಆಫ್ ಸ್ಟೋರೀಸ್’ 1994ರಲ್ಲಿ ಬಂದು, ಬಹುಕಾಲ ಎಲ್ಲೂ ಸಿಗದೆ, 2022ರಲ್ಲಿ ಬ್ಲಾಫ್ಟಿನಿಂದ ಮತ್ತೆ ಬಂತು. ಕಲಾವಿದರಿಗೇ ನಾಲ್ಕು ಸಾಲಿನ ಇಮೇಲ್ ಹಾಕಿ: ಯಾವ ಪುಸ್ತಕ, ಎಲ್ಲಿ ಕಂಡಿರಿ, ಉಳಿದ ಪ್ರತಿ ಅಥವಾ ಮೂಲೆ ಮುದುರಿದ ಪ್ರತಿಯಾದರೂ ಇದೆಯೇ, ಇಲ್ಲದಿದ್ದರೆ ಪಿಡಿಎಫ್ ಮಾರುತ್ತೀರಾ. ಪಿನ್‌ಕೋಡ್ ಸಮೇತ ವಿಳಾಸ ಸೇರಿಸಿ, ಅಂಚೆ ಖರ್ಚು ಎಷ್ಟೆಂದು ಮರುಪ್ರಶ್ನೆ ಇಲ್ಲದೆ ಹೇಳಲು ಅವರಿಗೆ ಅನುಕೂಲ. ಎರಡು ವಾರ ಉತ್ತರ ಬಾರದಿದ್ದರೆ ಇನ್ನೊಮ್ಮೆ ಬರೆಯಿರಿ.